ಕೈಪಿಡಿ ಪಕ್ಕದಲ್ಲಿಟ್ಟುಕೊಂಡು ಒಪೆರಾ ಕೇಳುವುದು ಹೇಗೆ

ಒಪೆರಾ, ಅಂದರೆ ಮಾತಿನ ಬದಲು ಹಾಡಿನಲ್ಲೇ ಕಥೆ ನಡೆಯುವ ಯೂರೋಪಿನ ರಂಗನಾಟಕ, ಹೇಗಿರುತ್ತದೆ ಅಂತ ತಿಳಿಯುವ ಆಸೆ ಇರುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಯೂಟ್ಯೂಬಿನಲ್ಲಿ ಮೂರು ಗಂಟೆಯ ವಿಡಿಯೋ ಹಾಕಿಕೊಂಡು ಇಪ್ಪತ್ತು ನಿಮಿಷಕ್ಕೆ ನಿಲ್ಲಿಸುತ್ತಾರೆ. ಇಲ್ಲವೇ ದಪ್ಪನೆಯ ಒಪೆರಾ ಕೈಪಿಡಿ ತಂದು ಮೊದಲ ಪುಟದಿಂದ ಓದಲು ಕೂರುತ್ತಾರೆ. ನಾನು ಎರಡನ್ನೂ ಮಾಡಿದ್ದೇನೆ. ಪುಸ್ತಕದಲ್ಲಿ ಅರವತ್ತು ಪುಟ ದಾಟುವ ಹೊತ್ತಿಗೆ ಹತ್ತು ಕಥೆಗಳು ಕಲಸಿಹೋಗಿದ್ದವು, ಒಂದು ಸ್ವರವೂ ಕಿವಿಗೆ ಬಿದ್ದಿರಲಿಲ್ಲ.

ಕೈಪಿಡಿಯನ್ನು ಪಂಚಾಂಗ ನೋಡಿದ ಹಾಗೆ ನೋಡಬೇಕು. ಬೇಕಾದ ದಿನದ ಪುಟ ತೆಗೆದು, ಬೇಕಾದಷ್ಟು ನೋಡಿ, ಮುಚ್ಚಿಡಬೇಕು. ನಾಳೆ ಮತ್ತೆ ತೆಗೆಯಬೇಕು. ಹೀಗೆ ಒಂದೇ ಒಪೆರಾದ ಪುಟಕ್ಕೆ ಹತ್ತು ಸಲ ಹೋಗಿ ಬಂದರೆ, ಹತ್ತು ಒಪೆರಾಗಳ ಪುಟಗಳನ್ನು ಒಂದೊಂದು ಸಲ ಓದಿದ್ದಕ್ಕಿಂತ ಎಷ್ಟೋ ಜಾಸ್ತಿ ತಿಳಿಯುತ್ತದೆ. ಅದನ್ನೇ ಇಲ್ಲಿ ಮಾಡಿ ತೋರಿಸುತ್ತೇನೆ. ಒಪೆರಾ ಯಾವುದು ಅಂದರೆ ಇಟಲಿಯ ಸಂಗೀತ ಸಂಯೋಜಕ ವರ್ಡಿಯ 'ಲಾ ತ್ರಾವಿಯಾತಾ'. ಕಥೆ ಸರಳ, ಮುಖ್ಯ ಪಾತ್ರಗಳು ಮೂರೇ ಮೂರು, ವಿಡಿಯೋ ಮತ್ತು ಧ್ವನಿಮುದ್ರಣ ಸುಲಭವಾಗಿ ಸಿಗುತ್ತವೆ.

ಯಾವ ಪುಸ್ತಕ, ಯಾವ ಕೆಲಸಕ್ಕೆ

ನಾನು ಹೇಳುವುದೆಲ್ಲ ಇಂಗ್ಲಿಷ್ ಪುಸ್ತಕಗಳೇ. ಒಂದೊಂದರ ಗುಣ ಒಂದೊಂದು.

ಕಥೆಗೆ ಕೊಬ್ಬೆ. ಗುಸ್ತಾವ್ ಕೊಬ್ಬೆ ನ್ಯೂಯಾರ್ಕಿನ ಸಂಗೀತ ವಿಮರ್ಶಕರು. ಒಪೆರಾಗಳ ಕಥೆಗಳನ್ನೆಲ್ಲ ಒಂದೇ ಪುಸ್ತಕದಲ್ಲಿ ತರಲು ಕೂತಿದ್ದರು. 1918ರ ಜುಲೈನಲ್ಲಿ ಲಾಂಗ್ ಐಲ್ಯಾಂಡಿನ ಹತ್ತಿರ ಹಾಯಿದೋಣಿಯಲ್ಲಿದ್ದಾಗ, ನೀರಿಗೆ ಇಳಿಯುತ್ತಿದ್ದ ವಿಮಾನವೊಂದು ದೋಣಿಗೆ ಬಡಿದು ತೀರಿಕೊಂಡರು. ಪುಸ್ತಕ ಮರುವರ್ಷ, 1919ರಲ್ಲಿ, ಹೊರಬಂತು. ಆಮೇಲೆ ಲಾರ್ಡ್ ಹೇರ್‌ವುಡ್ 1950ರ ದಶಕದಿಂದ ಅದನ್ನು ತಿದ್ದುತ್ತಾ ಬೆಳೆಸುತ್ತಾ ಬಂದರು, 1997ರ ಆವೃತ್ತಿಯಲ್ಲಿ ಆಂಟನಿ ಪೀಟಿ ಜೊತೆಗೂಡಿದರು. 1919ರ ಮೂಲ ಪುಸ್ತಕ ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಕೊಬ್ಬೆ ಕಥೆ ಹೇಳುತ್ತಾ ಹೋಗುವಾಗ, ಹಾಡು ಬರುವ ಜಾಗದಲ್ಲಿ ಅದರ ಮೊದಲ ಸಾಲನ್ನೂ ಎಷ್ಟೋ ಕಡೆ ಸ್ವರಲಿಪಿಯನ್ನೂ ಕೊಡುತ್ತಾರೆ. ಇದು ಬಹಳ ಉಪಯೋಗದ ಸಂಗತಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಿನ್ನೆಲೆಗೆ ಗ್ರೋವ್. ಒಪೆರಾಕ್ಕೆ ಮಾತ್ರ ಮೀಸಲಾದ ಗ್ರೋವ್ ನಿಘಂಟು 1992ರಲ್ಲಿ ಬಂತು, ಸಂಪಾದಕರು ಸ್ಟ್ಯಾನ್ಲಿ ಸೇಡಿ, ನಾಲ್ಕು ದೊಡ್ಡ ಸಂಪುಟ. ಅದರಲ್ಲಿ ಒಪೆರಾಗಳಿಗಷ್ಟೇ ಅಲ್ಲ, ಸಂಗೀತಗಾರರಿಗೆ, ಸಾಹಿತ್ಯ ಬರೆದವರಿಗೆ, ಗಾಯಕರಿಗೆ, ಊರುಗಳಿಗೆ, ಪಾರಿಭಾಷಿಕ ಪದಗಳಿಗೆ, ಎಲ್ಲದಕ್ಕೂ ಬೇರೆ ಬೇರೆ ಬರಹಗಳಿವೆ. ಬೆಲೆ ಜಾಸ್ತಿ, ಕೊಂಡುಕೊಳ್ಳುವುದು ಬೇಡ. ದೊಡ್ಡ ಲೈಬ್ರರಿಯಲ್ಲಿದ್ದರೆ ಅಲ್ಲೇ ಕೂತು ನೋಡಿ.

ಒಂದೇ ಒಪೆರಾದ ಒಳಗೆ ಇಳಿಯಲು ಇಂಗ್ಲಿಷ್ ನ್ಯಾಷನಲ್ ಒಪೆರಾ ಅನ್ನುವ ತಂಡದ ಕಿರುಪುಸ್ತಕಗಳು. 1980ರಿಂದ ಶುರುವಾದ ಮಾಲೆ ಇದು, ಒಂದು ಒಪೆರಾಕ್ಕೆ ಒಂದು ಪುಸ್ತಕ. ಕೆಲವು ಪ್ರಬಂಧಗಳು, ಮುಖ್ಯ ಮಟ್ಟುಗಳ ಪಟ್ಟಿ, ಮೂಲ ಸಾಹಿತ್ಯ, ಪಕ್ಕದಲ್ಲೇ ಇಂಗ್ಲಿಷ್ ಅನುವಾದ. ಹಳೆ ಪುಸ್ತಕದ ಅಂಗಡಿಯಲ್ಲಿ ಕಂಡರೆ ಬಿಡಬೇಡಿ.

ಇದ್ಯಾವುದೂ ಕೈಯಲ್ಲಿಲ್ಲದಿದ್ದರೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ವೆಬ್‌ಸೈಟಿನಲ್ಲಿ ಕಥಾಸಾರ ಓದಿಕೊಳ್ಳಿ, ಶುರುಮಾಡಲು ಅಷ್ಟು ಸಾಕು.

ಪುಸ್ತಕದಲ್ಲಿ ಹುಡುಕುವಾಗ ಒಂದು ತೊಡಕು ಬರುತ್ತದೆ. ಲಾ, ಇಲ್, ಲೆ, ಡೀ, ಡೆರ್ ಇವೆಲ್ಲ ಇಂಗ್ಲಿಷಿನ 'ದಿ' ಇದ್ದ ಹಾಗೆ. ಅಕಾರಾದಿಯಲ್ಲಿ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 'ಲಾ ತ್ರಾವಿಯಾತಾ' ಬೇಕಾದರೆ 'ಎಲ್' ಅಕ್ಷರದಲ್ಲಲ್ಲ, 'ಟಿ' ಅಕ್ಷರದಲ್ಲಿ ಹುಡುಕಿ. ಇನ್ನು ಕೆಲವು ಪುಸ್ತಕಗಳು ಮೂಲ ಭಾಷೆಯ ಹೆಸರನ್ನೇ ಇಟ್ಟುಕೊಳ್ಳುತ್ತವೆ. ಗ್ರೋವಿನಲ್ಲಿ ಮೊಟ್ಸಾರ್ಟನ 'ಮ್ಯಾಜಿಕ್ ಫ್ಲೂಟ್' ಇರುವುದು ಕೊನೆಯ ಸಂಪುಟದ ಕೊನೆಯಲ್ಲಿ, 'ಝಡ್' ಅಕ್ಷರದಲ್ಲಿ, ಜರ್ಮನ್ ಹೆಸರು 'ತ್ಸೌಬರ್‌ಫ್ಲೋಟೆ' ಆದ್ದರಿಂದ. ಕೊಬ್ಬೆಯಲ್ಲಿ ಒಪೆರಾದ ಹೆಸರಿಗಿಂತ ಮೊದಲು ಸಂಗೀತಗಾರನ ಹೆಸರು ಹುಡುಕಬೇಕು.

ಮೊದಲ ನಾಲ್ಕು ಸಾಲು

ಕೈಪಿಡಿಯಲ್ಲಿ ಒಪೆರಾದ ಹೆಸರಿನ ಕೆಳಗೆ ಮೂರು ನಾಲ್ಕು ಸಾಲು ಚಿಕ್ಕ ಅಕ್ಷರದಲ್ಲಿರುತ್ತವೆ. ಎಲ್ಲರೂ ಅದನ್ನು ಬಿಟ್ಟು ಕಥೆಗೆ ಹಾರುತ್ತಾರೆ. ದಯವಿಟ್ಟು ಹಾರಬೇಡಿ. ತ್ರಾವಿಯಾತಾಕ್ಕೆ ಹೆಚ್ಚುಕಮ್ಮಿ ಹೀಗಿರುತ್ತದೆ: ಮೂರು ಅಂಕಗಳ ಒಪೆರಾ, ಸಂಗೀತ ಜುಸೆಪ್ಪೆ ವರ್ಡಿ, ಸಾಹಿತ್ಯ ಫ್ರಾಂಚೆಸ್ಕೊ ಮರಿಯಾ ಪಿಯಾವೆ, ಫ್ರೆಂಚ್ ಲೇಖಕ ಕಿರಿಯ ಅಲೆಕ್ಸಾಂದ್ರ್ ಡ್ಯೂಮಾನ ನಾಟಕದ ಆಧಾರ, ಮೊದಲ ಪ್ರದರ್ಶನ ವೆನಿಸ್‌ನ ಲಾ ಫೆನಿಚೆ ರಂಗಮಂದಿರ, 6 ಮಾರ್ಚ್ 1853.

ಆ ಸಾಲುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಡ್ಯೂಮಾನ ನಾಟಕ ಪ್ಯಾರಿಸಿನಲ್ಲಿ ರಂಗಕ್ಕೆ ಬಂದಿದ್ದು 1852ರಲ್ಲಿ, ಅಂದರೆ ಒಂದೇ ವರ್ಷ ಹಿಂದೆ. ಆ ನಾಟಕದ ಹಿಂದೆ ನಿಜವಾದ ಹೆಣ್ಣೊಬ್ಬಳಿದ್ದಳು, ಮಾರಿ ಡ್ಯುಪ್ಲೆಸಿ ಅಂತ, ಪ್ಯಾರಿಸಿನ ಶ್ರೀಮಂತರ ನಡುವೆ ಬದುಕಿದ ವೇಶ್ಯೆ, ಕ್ಷಯದಿಂದ 1847ರಲ್ಲಿ ತೀರಿಕೊಂಡಳು, ಆಗ ಅವಳಿಗೆ ಬರೀ 23 ವರ್ಷ. ಒಪೆರಾ ಬರುವಾಗ ಅವಳು ಸತ್ತು ಆರು ವರ್ಷವಾಗಿತ್ತು ಅಷ್ಟೆ. ಆ ಕಾಲದ ಒಪೆರಾ ಅಂದರೆ ರಾಜರು, ಪುರಾಣ, ಹಳೆಯ ಇತಿಹಾಸ. ವರ್ಡಿಗೆ ಇದನ್ನು ತನ್ನ ಕಾಲದ ಉಡುಪಿನಲ್ಲೇ ಆಡಿಸುವ ಆಸೆ ಇತ್ತು. ವೆನಿಸ್‌ನಲ್ಲಿ ಅದಕ್ಕೆ ಒಪ್ಪಲಿಲ್ಲ, ಕಥೆಯನ್ನು 1700ರ ಸುಮಾರಿಗೆ ತಳ್ಳಿದರು. ಮೊದಲ ರಾತ್ರಿ ಪ್ರದರ್ಶನ ಸೋತಿತು. ಒಂದಷ್ಟು ತಿದ್ದಿ 1854ರ ಮೇ ತಿಂಗಳಲ್ಲಿ ಅದೇ ಊರಿನ ಬೇರೊಂದು ರಂಗಮಂದಿರದಲ್ಲಿ ಆಡಿದಾಗ ಗೆದ್ದಿತು. ಕೈಪಿಡಿಯಲ್ಲಿ ಎರಡು ತಾರೀಕು ಕಂಡರೆ ಗಾಬರಿ ಬೇಡ, ಎರಡನೆಯದು ಸಾಮಾನ್ಯವಾಗಿ ತಿದ್ದಿದ ರೂಪದ್ದು. ಪುಚ್ಚೀನಿಯ 'ಮದಾಮ ಬಟರ್‌ಫ್ಲೈ'ಗೂ ಹೀಗೇ ಆಯಿತು: 1904ರ ಫೆಬ್ರವರಿಯಲ್ಲಿ ಮಿಲಾನಿನಲ್ಲಿ ಸೋಲು, ಮೇ ತಿಂಗಳಲ್ಲಿ ಬ್ರೆಶಾದಲ್ಲಿ ಗೆಲುವು.

ಆಮೇಲೆ ಪಾತ್ರಗಳ ಪಟ್ಟಿ. ಹೆಸರಿನ ಮುಂದೆ ದನಿಯ ಹೆಸರು ಇರುತ್ತದೆ. ವಿಯೊಲೆತ್ತಾ ಸೊಪ್ರಾನೊ, ಹೆಣ್ಣುದನಿಯಲ್ಲಿ ಎತ್ತರದ್ದು. ಆಲ್ಫ್ರೆಡೊ ಟೆನರ್, ಗಂಡುದನಿಯಲ್ಲಿ ಎತ್ತರದ್ದು. ಅವನ ಅಪ್ಪ ಜೆರ್ಮೋಂ ಬ್ಯಾರಿಟೋನ್, ಗಂಡುದನಿಯಲ್ಲಿ ನಡುವಿನದು. ಈ ಮೂರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ಸಲ ಕೇಳುವಾಗ ಭಾಷೆ ಅರ್ಥವಾಗುವುದಿಲ್ಲ, ಆದರೆ ಯಾರು ಹಾಡುತ್ತಿದ್ದಾರೆ ಅಂತ ದನಿಯಿಂದಲೇ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಕಥೆ ಮೊದಲೇ ತಿಳಿದಿರಲಿ

ಸಿನಿಮಾದ ಅಭ್ಯಾಸದಿಂದ ಕೊನೆ ಗೊತ್ತಾದರೆ ರುಚಿ ಹೋಗುತ್ತದೆ ಅಂದುಕೊಳ್ಳುತ್ತೇವೆ. ಒಪೆರಾದಲ್ಲಿ ಹಾಗಲ್ಲ. ಅಭಿಮನ್ಯು ಕಾಳಗದ ಆಟಕ್ಕೆ ಹೋಗುವ ಯಾರಿಗೆ ತಾನೆ ಅಭಿಮನ್ಯು ಸಾಯುತ್ತಾನೆ ಅಂತ ಗೊತ್ತಿಲ್ಲ? ಆದರೂ ರಾತ್ರಿಯೆಲ್ಲ ಕೂರುತ್ತಾರೆ, ಭಾಗವತರು ಈ ಸಲ ಆ ಪದ್ಯವನ್ನು ಹೇಗೆ ಎತ್ತುತ್ತಾರೆ ಅಂತ ಕಾಯುತ್ತಾರೆ. ಇಲ್ಲೂ ಹಾಗೆಯೇ. ಕಥಾಸಾರವನ್ನು ಕೊನೆಯ ಸಾಲಿನವರೆಗೆ ಓದಿ.

ಓದಿ ಮುಚ್ಚಿಟ್ಟು, ಕನ್ನಡದಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ. ಆರೇಳು ಸಾಲು ಸಾಕು. ನನ್ನ ನೋಟ್‌ಬುಕ್ಕಿನಲ್ಲಿ ಇರುವುದು ಇದು: "ವಿಯೊಲೆತ್ತಾ ಪ್ಯಾರಿಸಿನ ವೇಶ್ಯೆ, ಕಾಯಿಲೆಯವಳು. ಮನೆಯಲ್ಲಿ ಔತಣ. ಆಲ್ಫ್ರೆಡೊ ಬಂದು ಒಂದು ವರ್ಷದಿಂದ ನಿನ್ನನ್ನು ಪ್ರೀತಿಸುತ್ತಿದ್ದೇನೆ ಅನ್ನುತ್ತಾನೆ. ಇಬ್ಬರೂ ಊರಾಚೆಯ ಮನೆಯಲ್ಲಿ ಬಾಳುತ್ತಾರೆ, ಖರ್ಚಿಗೆ ಅವಳು ತನ್ನದೆಲ್ಲ ಮಾರುತ್ತಿದ್ದಾಳೆ. ಅವನ ಅಪ್ಪ ಬಂದು, ನಿನ್ನಿಂದ ನನ್ನ ಮಗಳ ಮದುವೆ ನಿಲ್ಲುತ್ತದೆ, ಅವನನ್ನು ಬಿಡು ಅನ್ನುತ್ತಾನೆ. ಬಿಡುತ್ತಾಳೆ, ಕಾರಣ ಹೇಳುವುದಿಲ್ಲ. ಅವನು ಎಲ್ಲರ ಮುಂದೆ ಅವಳ ಮೇಲೆ ಹಣ ಎಸೆದು ಅವಮಾನ ಮಾಡುತ್ತಾನೆ. ನಿಜ ತಿಳಿದು ಓಡಿ ಬರುವಾಗ ಅವಳು ಸಾಯುತ್ತಿದ್ದಾಳೆ."

ಹೀಗೆ ಬರೆಯುವಾಗ ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿ ಕಥೆ ನಿಮಗೆ ಅರ್ಥವಾಗಿಲ್ಲ ಅಂತ. ನನಗೆ ಅದು ಅಪ್ಪ ಬರುವ ಜಾಗದಲ್ಲಿ ಆಯಿತು. ಯಾರೋ ಬಂದು ಬಿಡು ಅಂದ ತಕ್ಷಣ ಇವಳು ಯಾಕೆ ಬಿಡುತ್ತಾಳೆ? ಕಥಾಸಾರದಲ್ಲಿ ಅದು ಎರಡೇ ಸಾಲು. ಒಪೆರಾದಲ್ಲಿ ಅದು ಉದ್ದನೆಯ ಯುಗಳಗೀತೆ. ಅವಳು ಒಂದೇ ಏಟಿಗೆ ಒಪ್ಪುವುದಿಲ್ಲ, ಪ್ರತಿ ಮಾತಿಗೂ ಎದುರಾಡುತ್ತಾಳೆ, ಸಂಗೀತದಲ್ಲಿ ಅವಳ ಉಸಿರು ಕಟ್ಟುತ್ತದೆ, ಕೊನೆಗೆ "ಆ ಹುಡುಗಿಗೆ ಹೇಳಿ" ಅಂತ ಬಹಳ ಮೆಲ್ಲಗೆ ಹಾಡಿ ಬಿಟ್ಟುಕೊಡುತ್ತಾಳೆ. ಕಥಾಸಾರದಲ್ಲಿ ಪುಟ್ಟದಾಗಿ ಕಂಡಿದ್ದು ಸಂಗೀತದಲ್ಲಿ ದೊಡ್ಡದಾಗಿರುತ್ತದೆ. ಇದು ಗೊತ್ತಿದ್ದರೆ ಕೈಪಿಡಿಯನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ.

ಒಂದು ಮಟ್ಟಿನ ಬೆನ್ನು ಹತ್ತಿ

ಈಗ ಸಾಹಿತ್ಯದ ಪುಸ್ತಕ ತೆಗೆಯಿರಿ. ಇದಕ್ಕೆ ಲಿಬ್ರೆಟ್ಟೊ ಅನ್ನುತ್ತಾರೆ, ಇಟಾಲಿಯನ್ನಿನಲ್ಲಿ ಪುಟ್ಟ ಪುಸ್ತಕ ಅಂತ ಅರ್ಥ. ನಮ್ಮ ಪ್ರಸಂಗ ಪುಸ್ತಕದ ಹಾಗೆ. ಮೊದಲಿಂದ ಕೊನೆವರೆಗೆ ಓದಬೇಕಿಲ್ಲ, ಒಂದು ಮಟ್ಟನ್ನು ಹಿಡಿದು ಅದು ಬರುವ ಜಾಗಗಳನ್ನು ಮಾತ್ರ ನೋಡಿ.

ಮೊದಲ ಅಂಕದಲ್ಲಿ ಆಲ್ಫ್ರೆಡೊ ತನ್ನ ಪ್ರೀತಿಯನ್ನು ಹೇಳುವಾಗ 'ದಿ ಕ್ವೆಲ್ಲಮೋರ್' ಅಂತ ಶುರುವಾಗುವ ಸಾಲು ಬರುತ್ತದೆ. ಇಡೀ ಜಗತ್ತಿನ ಮಿಡಿತವೇ ಆದ ಪ್ರೀತಿ ಅಂತ ಅದರ ಭಾವ. ಮಟ್ಟು ನಿಧಾನವಾಗಿ ಮೇಲಿಂದ ಇಳಿಯುತ್ತದೆ, ಒಂದೆರಡು ಸಲ ಕೇಳಿದರೆ ಬಾಯಲ್ಲಿ ನಿಲ್ಲುತ್ತದೆ. ಕೈಪಿಡಿಯಲ್ಲಿ ಇದರ ಸ್ವರಲಿಪಿಯೋ ಮೊದಲ ಮಾತೋ ಇದ್ದೇ ಇರುತ್ತದೆ, ಗುರುತು ಹಾಕಿಕೊಳ್ಳಿ. ಸ್ವರಲಿಪಿ ಓದಲು ಬರದಿದ್ದರೂ ಗೆರೆಗಳ ಮೇಲೆ ಚುಕ್ಕಿಗಳು ಹತ್ತುವುದು ಇಳಿಯುವುದು ಕಣ್ಣಿಗೆ ಕಾಣುತ್ತದಲ್ವಾ, ಅಷ್ಟು ಸಾಕು.

ಅತಿಥಿಗಳೆಲ್ಲ ಹೋದ ಮೇಲೆ ವಿಯೊಲೆತ್ತಾ ಒಬ್ಬಳೇ. 'ಎ ಸ್ತ್ರಾನೊ' ಅನ್ನುತ್ತಾಳೆ, "ಎಷ್ಟು ವಿಚಿತ್ರ" ಅಂತ. ಆಲ್ಫ್ರೆಡೊ ಹಾಡಿದ ಅದೇ ಮಟ್ಟನ್ನು ತಾನೇ ಹಾಡಿಕೊಳ್ಳುತ್ತಾಳೆ. ಆಮೇಲೆ ತಲೆ ಕೊಡವಿ, ಇದೆಲ್ಲ ಹುಚ್ಚು, ನಾನು ಸದಾ ಸ್ವತಂತ್ರಳು ಅಂತ 'ಸೆಂಪ್ರೆ ಲಿಬೆರಾ' ಹಾಡುತ್ತಾಳೆ, ದನಿ ಎಲ್ಲೆಲ್ಲೋ ಹಾರುತ್ತದೆ. ನಡುವೆ ಹೊರಗಿನಿಂದ ಆಲ್ಫ್ರೆಡೊನ ದನಿ ಕೇಳುತ್ತದೆ, ಅದೇ ಮಟ್ಟು. ವೇದಿಕೆಯ ಮೇಲೆ ಅವನಿಲ್ಲ. ಲಿಬ್ರೆಟ್ಟೊದಲ್ಲಿ ಆವರಣದೊಳಗೆ ಓರೆ ಅಕ್ಷರದಲ್ಲಿ ಅವನು ಹೊರಗಿದ್ದಾನೆ ಅಂತ ಬರೆದಿರುತ್ತದೆ. ಆ ಓರೆ ಅಕ್ಷರದ ಸೂಚನೆಗಳನ್ನು ತಪ್ಪದೆ ಓದಿ. ಧ್ವನಿಮುದ್ರಣವನ್ನು ಮಾತ್ರ ಕೇಳುವವರಿಗೆ ಅವೇ ಕಣ್ಣು.

ಮೂರನೇ ಅಂಕಕ್ಕೆ ಬನ್ನಿ. ಅವಳು ಹಾಸಿಗೆಯಲ್ಲಿದ್ದಾಳೆ. ಆಲ್ಫ್ರೆಡೊನ ಅಪ್ಪ ಬರೆದ ಕಾಗದ ಓದುತ್ತಾಳೆ, ಮಗನಿಗೆ ನಿಜ ಹೇಳಿದ್ದೇನೆ, ಅವನು ಬರುತ್ತಿದ್ದಾನೆ ಅಂತ. ಇಲ್ಲಿ ಅವಳು ಹಾಡುವುದಿಲ್ಲ. ಸುಮ್ನೆ ಮಾತಿನಲ್ಲಿ ಓದುತ್ತಾಳೆ. ಹಿಂದೆ ಪಿಟೀಲಿನಲ್ಲಿ ಅದೇ ಮಟ್ಟು. ಎರಡು ಗಂಟೆ ಬರೀ ಹಾಡನ್ನೇ ಕೇಳಿದ ಕಿವಿಗೆ ಆ ಬರಿದಾದ ಮಾತು ಹೇಗೆ ತಾಗುತ್ತದೆ ಅನ್ನುವುದನ್ನು ಯಾವ ಪುಸ್ತಕವೂ ಹೇಳಲಾರದು, ಆದರೆ ಇಲ್ಲಿ ಕಿವಿಗೊಡು ಅಂತ ಜಾಗ ತೋರಿಸಿದ್ದು ಪುಸ್ತಕವೇ. ನಾನಂತೂ ಪುಸ್ತಕ ಇಲ್ಲದೆ ಎರಡು ಸಲ ನೋಡಿದಾಗ ಇದನ್ನು ಗಮನಿಸಿಯೇ ಇರಲಿಲ್ಲ.

ಸಾಯುವ ಗಳಿಗೆಯಲ್ಲಿ ನೋವು ನಿಂತಂತಾಗುತ್ತದೆ, ಅವಳು ಮತ್ತೆ 'ಎ ಸ್ತ್ರಾನೊ' ಅನ್ನುತ್ತಾಳೆ. ಮತ್ತೆ ಆ ಮಟ್ಟು ವಾದ್ಯಗಳಲ್ಲಿ. ಪ್ರೀತಿ ಹುಟ್ಟಿದಾಗ ಆಡಿದ ಮಾತನ್ನೇ ಸಾಯುವಾಗಲೂ ಆಡುತ್ತಾಳೆ. ಲಿಬ್ರೆಟ್ಟೊದ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಹಾಗೆಯೇ ಒಪೆರಾದ ಹೆಸರು. ತ್ರಾವಿಯಾತಾ ಅಂದರೆ ದಾರಿ ತಪ್ಪಿದವಳು. ಈ ಮಾತು ಎಲ್ಲಿ ಬರುತ್ತದೆ ಅಂತ ಹುಡುಕಿದರೆ, ಮೂರನೇ ಅಂಕದ 'ಅದ್ದಿಯೊ ದೆಲ್ ಪಸ್ಸಾತೊ' ಹಾಡಿನಲ್ಲಿ ಸಿಗುತ್ತದೆ. ದಾರಿ ತಪ್ಪಿದವಳ ಆಸೆಗೆ ನಗುಮುಖ ತೋರು ಅಂತ ದೇವರನ್ನು ಕೇಳುತ್ತಾಳೆ. ತನ್ನನ್ನು ತಾನೇ ಹಾಗೆ ಕರೆದುಕೊಳ್ಳುತ್ತಾಳೆ. ಇದು ಕಂಡಾಗ ನನಗೆ ಬಹಳ ಹೊತ್ತು ಬೇರೇನೂ ಓದಲು ಆಗಲಿಲ್ಲ.

ಪುಸ್ತಕದಲ್ಲಿದೆ, ವಿಡಿಯೋದಲ್ಲಿ ಇಲ್ಲ

ಕೈಪಿಡಿ ಹಿಡಿದು ನೋಡುವಾಗ ಕೆಲವು ಕಡೆ ಎರಡಕ್ಕೂ ತಾಳೆಯಾಗುವುದಿಲ್ಲ. ಪುಸ್ತಕ ತಪ್ಪು ಅಂತ ಅಂದುಕೊಳ್ಳಬೇಡಿ. ತ್ರಾವಿಯಾತಾದ ಎರಡನೇ ಅಂಕದಲ್ಲಿ ಆಲ್ಫ್ರೆಡೊಗೂ ಅಪ್ಪನಿಗೂ ಒಂದೊಂದು ವೇಗದ ಹಾಡಿದೆ, ಎಷ್ಟೋ ಕಾಲ ಅವೆರಡನ್ನೂ ಕತ್ತರಿಸುವುದೇ ರೂಢಿಯಾಗಿತ್ತು. 'ಅದ್ದಿಯೊ ದೆಲ್ ಪಸ್ಸಾತೊ'ದ ಎರಡನೇ ಚರಣವನ್ನೂ ಬಿಡುತ್ತಾರೆ. ಇದಕ್ಕೆ ತಿರುವುಮುರುವಾಗಿ, 'ಸೆಂಪ್ರೆ ಲಿಬೆರಾ'ದ ಕೊನೆಯಲ್ಲಿ ಅನೇಕ ಗಾಯಕಿಯರು ಬಹಳ ಎತ್ತರದ ಸ್ವರವೊಂದನ್ನು ಮುಟ್ಟುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರೆ, ವರ್ಡಿ ಅದನ್ನು ಬರೆದೇ ಇಲ್ಲ. ಅನುಮಾನ ಬಂದರೆ ಐಎಂಎಸ್‌ಎಲ್‌ಪಿ ಅನ್ನುವ ತಾಣದಲ್ಲಿ ಪೂರ್ತಿ ಸ್ವರಲಿಪಿ ಪುಕ್ಕಟೆ ಸಿಗುತ್ತದೆ, ತೆಗೆದು ನೋಡಬಹುದು.

ವಿಡಿಯೋ ಆರಿಸುವಾಗ ಇಂಗ್ಲಿಷ್ ಸಬ್‌ಟೈಟಲ್ ಇರುವುದನ್ನೇ ಆರಿಸಿ. ಒಪೆರಾವಿಷನ್ ತಾಣದಲ್ಲಿ ಯೂರೋಪಿನ ರಂಗಮಂದಿರಗಳ ಪ್ರದರ್ಶನಗಳು ಸಬ್‌ಟೈಟಲ್ ಸಮೇತ ಪುಕ್ಕಟೆಯಾಗಿ ಬರುತ್ತವೆ, ಆದರೆ ಕೆಲವು ತಿಂಗಳು ಮಾತ್ರ ಇರುತ್ತವೆ. ರಂಗಮಂದಿರದೊಳಗೆ ವೇದಿಕೆಯ ಮೇಲ್ಗಡೆ ಅನುವಾದ ತೋರಿಸುವುದು ಶುರುವಾಗಿದ್ದು 1983ರಲ್ಲಿ, ಕೆನಡಾದ ಟೊರೊಂಟೊದಲ್ಲಿ. ಅದಕ್ಕೆ ಮೊದಲು ಜನ ಮನೆಯಲ್ಲೇ ಲಿಬ್ರೆಟ್ಟೊ ಓದಿಕೊಂಡು ಬರುತ್ತಿದ್ದರು. ಅಂದರೆ ಈಗ ನೀವು ಮಾಡುತ್ತಿರುವುದನ್ನೇ.

ಹಳೆಯ ಪುಸ್ತಕದ ಮಿತಿ ಒಂದಿದೆ. ಕೊಬ್ಬೆಯ 1919ರ ಪುಸ್ತಕದಲ್ಲಿ ಹದಿನೆಂಟನೇ ಶತಮಾನದ ಸಂಯೋಜಕ ಗ್ಲಕ್‌ಗಿಂತ ಹಿಂದಿನ ಒಪೆರಾಕ್ಕೆಲ್ಲ ಸೇರಿ ಒಂದು ಪುಟ್ಟ ಅಧ್ಯಾಯ. ಮಾಂಟೆವೆರ್ಡಿಯ 'ಓರ್ಫೆಯೊ' 1607ರದ್ದು, ಹ್ಯಾಂಡಲ್ ನಲವತ್ತಕ್ಕೂ ಹೆಚ್ಚು ಒಪೆರಾ ಬರೆದವರು, ಆದರೂ ಅವರಿಗೆ ಅಲ್ಲಿ ಬೇರೆ ಅಧ್ಯಾಯವಿಲ್ಲ. ಕಾರಣ ಕೊಬ್ಬೆಯಲ್ಲ. ಆ ಕಾಲದಲ್ಲಿ ಹ್ಯಾಂಡಲ್ ಒಪೆರಾಗಳನ್ನು ಯಾರೂ ಆಡುತ್ತಿರಲಿಲ್ಲ, ಜರ್ಮನಿಯ ಗೊಟಿಂಗೆನ್‌ನಲ್ಲಿ ಅವು ಮತ್ತೆ ರಂಗಕ್ಕೆ ಬರಲು ಶುರುವಾಗಿದ್ದು 1920ರಲ್ಲಿ. ಆದ್ದರಿಂದ ವರ್ಡಿ, ವ್ಯಾಗ್ನರ್, ಬಿಝೆಗೆ ಹಳೆಯ ಪುಸ್ತಕ ಚೆನ್ನ. ಅವರಿಗಿಂತ ತುಂಬಾ ಹಿಂದಿನದಕ್ಕೂ 1920ರಿಂದ ಈಚಿನದಕ್ಕೂ ಹೊಸ ಆವೃತ್ತಿಯೇ ಬೇಕು.

ಇಲ್ಲಿಂದ ಎಲ್ಲಿಗೆ

ಮುಂದಿನ ಒಪೆರಾ ಯಾವುದು ಅಂತ ಪಟ್ಟಿ ಕೇಳಬೇಡಿ, ಕೈಪಿಡಿಯೇ ಹೇಳುತ್ತದೆ. ತ್ರಾವಿಯಾತಾ ಪುಟದಲ್ಲಿ ಕಂಡ ಒಂದು ಹೆಸರನ್ನು ಹಿಡಿದು ಹೊರಡಿ. ಪಿಯಾವೆ ಹೆಸರು ಹಿಡಿದರೆ 'ರಿಗೊಲೆತ್ತೊ' ಸಿಗುತ್ತದೆ, 1851, ಅದೇ ಫೆನಿಚೆ. ವಿಕ್ಟರ್ ಹ್ಯೂಗೊನ ನಾಟಕದಲ್ಲಿ ಲಂಪಟನಾಗಿದ್ದವನು ಫ್ರಾನ್ಸಿನ ರಾಜ, ಸೆನ್ಸಾರಿನವರು ಒಪ್ಪದೆ ಒಪೆರಾದಲ್ಲಿ ಅವನು ಮಾಂಟುವಾದ ಡ್ಯೂಕ್ ಆದ. ಫೆನಿಚೆಯ ಹೆಸರು ಹಿಡಿದರೆ 1836ರಲ್ಲೂ 1996ರಲ್ಲೂ ಸುಟ್ಟು ಮತ್ತೆ ಎದ್ದ ರಂಗಮಂದಿರದ ಕಥೆ.

ಗಾಯಕರ ಹೆಸರು ಹಿಡಿದು ಹೊರಟರೆ ನಮ್ಮ ಊರಿಗೂ ಬರಬಹುದು. ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ವ್ಯಾಗ್ನರ್ ಒಪೆರಾಗಳ ದೊಡ್ಡ ಸೊಪ್ರಾನೊ. ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಮೊದಲು ಹಾಡಿದ್ದು ಅವರೇ, 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ. ಆ ಕಛೇರಿಗೆ ಹಣದ ಹೊಣೆ ಹೊತ್ತವರು ಮೈಸೂರಿನ ಜಯಚಾಮರಾಜ ಒಡೆಯರು. ತಮ್ಮ ಸಂಗ್ರಹಕ್ಕೆ ಅದರ ಧ್ವನಿಮುದ್ರಣ ಬೇಕು ಅಂತಲೂ ಕೇಳಿದ್ದರು. ಅದು ಒಪೆರಾ ಅಲ್ಲ, ಆದರೂ ಹಾಡಿದ್ದು ಒಪೆರಾದ ದನಿ.

ನನ್ನ ಮಾತು ಕೇಳುವುದಾದರೆ ನಾಲ್ಕೈದು ಒಪೆರಾ ಆದ ಮೇಲೆ ಅಮೆರಿಕದ ಸಂಯೋಜಕ ಫಿಲಿಪ್ ಗ್ಲಾಸ್‌ನ 'ಸತ್ಯಾಗ್ರಹ' ಎತ್ತಿಕೊಳ್ಳಿ. 1980ರಲ್ಲಿ ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ಮೊದಲು ಆಡಿದ್ದು. ವೇದಿಕೆಯ ಮೇಲೆ ನಡೆಯುವುದು ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯ ಹೋರಾಟ, ಹಾಡುವುದು ಸಂಸ್ಕೃತದಲ್ಲಿ, ಪೂರ್ತಿ ಭಗವದ್ಗೀತೆಯ ಶ್ಲೋಕಗಳು. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ: ತ್ರಾವಿಯಾತಾದಲ್ಲಿ ಮಾತು ಗೊತ್ತಾಗದೆ ಕಥೆ ಗೊತ್ತಾಗುತ್ತಿತ್ತು, ಇಲ್ಲಿ ಶ್ಲೋಕ ಕಿವಿಗೆ ಪರಿಚಯದ್ದೇ ಆದರೂ ಅದು ವೇದಿಕೆಯ ಘಟನೆಯನ್ನು ಹೇಳುವುದಿಲ್ಲ. ಆದ್ದರಿಂದ ಎರಡು ಪುಟಗಳನ್ನು ಪಕ್ಕಪಕ್ಕ ತೆರೆದಿಡಿ. ಒಂದು ಕಡೆ ಕೈಪಿಡಿಯ ಕಥಾಸಾರ, ಇನ್ನೊಂದು ಕಡೆ ಮನೆಯಲ್ಲಿರುವ ಗೀತೆಯ ಪುಸ್ತಕ. ಕೊನೆಯ ದೃಶ್ಯ ಬಂದಾಗ ನಾಲ್ಕನೇ ಅಧ್ಯಾಯ ತೆಗೆದಿರಲಿ. ಗಾಂಧಿ ಪಾತ್ರದ ಟೆನರ್ ಒಬ್ಬನೇ ನಿಂತು, ಏರುತ್ತಾ ಹೋಗುವ ಒಂದೇ ಪುಟ್ಟ ಸ್ವರಸಾಲನ್ನು ಮತ್ತೆ ಮತ್ತೆ ಹಾಡುತ್ತಾನೆ. ಅದರ ಮಾತು ಆ ಅಧ್ಯಾಯದ್ದು, "ಯದಾ ಯದಾ ಹಿ ಧರ್ಮಸ್ಯ" ಬರುವ ಜಾಗದ್ದು.